ನಿಮಗಿದು ಗೊತ್ತೆ? ಕರುಳಿನಿಂದಲೂ ಉಸಿರಾಡುವ ಅಕ್ವೇರಿಯಂ ಮೀನು
ಕೋರಿಡೋರಾಸ್ ಎಂಬ ಪುಟ್ಟ ಕ್ಯಾಟ್‌ಫಿಶ್ ಆಗಾಗ ಸರ್ರನೆ ಮೇಲಕ್ಕೆ ಚಿಮ್ಮಿ, ಒಂದು ಗುಟುಕು ಗಾಳಿ ನುಂಗಿ ತಳಕ್ಕಿಳಿಯುತ್ತದೆ. ಆ ಗಾಳಿಯ ಆಮ್ಲಜನಕವನ್ನು ಹೀರಿಕೊಳ್ಳುವುದು ಅದರ ಕರುಳು!

ದಕ್ಷಿಣ ಅಮೆರಿಕ ಮೂಲದ ಈ ಮೀನು ಅಕ್ವೇರಿಯಂನ ಗಿಡಗಳನ್ನು ತಿನ್ನುವುದಿಲ್ಲ, ನಿಯಾನ್ ಟೆಟ್ರಾದಂಥ ಸಾಧು ಮೀನುಗಳ ತಂಟೆಗೂ ಹೋಗುವುದಿಲ್ಲ. ಗುಂಪುಜೀವಿಯಾದ್ದರಿಂದ ಆರಾದರೂ ಜೊತೆಗಿರಬೇಕು. ಮೀಸೆಯಿಂದ ತಳ ತಡಕಿ ಆಹಾರ ಹುಡುಕುವ ಇದಕ್ಕೆ ಚೂಪು ಜಲ್ಲಿಗಿಂತ ನುಣುಪು ಮರಳೇ ಹಿತ.

ಎಲೆಗಂಟಿದ ಪಾಚಿ ತಿನ್ನಲು 4–5 ಸೆಂ.ಮೀ. ಉದ್ದದ ಓಟೊಸಿಂಕ್ಲಸ್ ಎಂಬ ಮೀನು ಸೂಕ್ತ. ಪಾಚಿ ಕಟ್ಟದ ಹೊಸ ತೊಟ್ಟಿಗೆ ಬಿಟ್ಟರೆ ಮಾತ್ರ ಅದು ಹಸಿವಿನಿಂದ ಸೊರಗುತ್ತದೆ.

ಪಾಚಿ ತಿನ್ನಲೆಂದು ಅಂಗಡಿಗಳಲ್ಲಿ ‘ಸಕರ್’ ಹೆಸರಿನಲ್ಲಿ ಮಾರುವ ಬೆರಳುದ್ದದ ಪ್ಲೆಕೊ ಮೀನು ಬೆಳೆದಾಗ 30 ಸೆಂ.ಮೀ. ದಾಟಿ, ಗಿಡಗಳನ್ನು ಬುಡಸಮೇತ ಎಬ್ಬಿಸಬಲ್ಲದು. ಅದರ ಬದಲು ಸುಮಾರು 12 ಸೆಂ.ಮೀ.ಗೆ ನಿಲ್ಲುವ ಬ್ರಿಸಲ್‌ನೋಸ್ ಪ್ಲೆಕೊ ಆಯ್ದುಕೊಳ್ಳಬಹುದು.