ಹಳೆಯ ಜಾವಾದ ಮುಂಗಾಲುಗಳು

ಕೊಯಮತ್ತೂರು ಸೀಮೆಯಲ್ಲಿ ಯಂತ್ರಗಳ ಮಾತೆತ್ತಿದರೆ ಜಿ.ಡಿ. ನಾಯ್ಡು ಅವರ ಹೆಸರು ಬಾರದೆ ಇರದು. 1893ರಲ್ಲಿ ಇದೇ ಸೀಮೆಯ ಕಲಂಗಲ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಅವರು, ಎಳೆಯ ವಯಸ್ಸಿನಲ್ಲಿ ಆಂಗ್ಲ ಅಧಿಕಾರಿಯೊಬ್ಬನ ಮೋಟಾರು ಸೈಕಲನ್ನು ಕಂಡು ಬೆರಗಾದರು. ಹೋಟೆಲಿನಲ್ಲಿ ದುಡಿದು ಹಣ ಕೂಡಿಸಿ ಅದನ್ನು ಕೊಂಡರು. ಬಿಚ್ಚಿ, ಮರಳಿ ಜೋಡಿಸಿ, ಯಂತ್ರವಿದ್ಯೆಯನ್ನು ತಾವೇ ಕಲಿತರು. 1920ರಲ್ಲಿ ಪೊಳ್ಳಾಚಿಯಿಂದ ಪಳನಿಗೆ ಬಸ್ಸು ಓಡಿಸಲಾರಂಭಿಸಿದವರೂ ಅವರೇ. ಬಿಚ್ಚುವುದು ಯಾರಿಗೂ ಸುಲಭ. ಸರಿಯಾದುದನ್ನು ಸರಿಯಾದ ಸ್ಥಳದಲ್ಲಿ ಮರಳಿ ಇಡುವುದರಲ್ಲಿ ವಿದ್ಯೆಯಿದೆ. ಈ ಮಾತನ್ನು ಮಕ್ಕಳಿಗೆ ಹಲವು ವರ್ಷಗಳಿಂದ ಹೇಳುತ್ತಿದ್ದ ನಮಗೆ ಅದರ ಪೂರ್ಣಾರ್ಥ ತಿಳಿದದ್ದು ಮಾತ್ರ ಈಚೆಗೆ, ನಮ್ಮ ಅಕ್ಕನ ಮನೆಯ ಹಿತ್ತಲಿನಲ್ಲಿ.

ನಮ್ಮ ಭಾವನವರು ಅವಿನಾಶಿಯ ಕಡೆ ಮಗ್ಗದ ಕೆಲಸದಲ್ಲಿದ್ದವರು. ಅವರ ಬಳಿ 1960ರ ದಶಕದ ಒಂದು ಜಾವಾ ಬಂಡಿಯಿತ್ತು. ಸತ್ಯಮಂಗಲ, ಬಣ್ಣಾರಿ ದಾಟಿ, ದಿಂಬಂ ಘಾಟಿಯ 27 ತಿರುವುಗಳನ್ನೇರಿ, ಹಾಸನೂರಿನ ಮೇಲೆ ಚಾಮರಾಜನಗರಕ್ಕೆ ಬಂಧುಗಳನ್ನು ಕಾಣಲು ಅವರು ಹೋಗುತ್ತಿದ್ದುದು ಅದರಲ್ಲಿಯೇ. ಭಾವನವರು ತೀರಿಕೊಂಡ ಮೇಲೆ ಬಂಡಿ ಹಲವು ವರ್ಷ ಹಿತ್ತಲಿನಲ್ಲಿ ನಿಂತಿತು. ಅವರ ಮಗ ಅದನ್ನು ಎಬ್ಬಿಸಲು ಹೊರಟ. ಎಡಗಡೆಯ ಕೊಳವೆ ತುಕ್ಕು ಹಿಡಿದಿದೆಯೆಂದು, ಹಳೆಯ ಬಿಡಿಭಾಗಗಳ ವ್ಯಾಪಾರಿಯೊಬ್ಬರಿಂದ ಥಳಥಳಿಸುವ ಕೊಳವೆ, ಸ್ಪ್ರಿಂಗು, ಬೋಲ್ಟುಗಳನ್ನು ತಂದು ಹಾಕಿಸಿದ. ಮರುದಿನವೇ ರಸ್ತೆಯಲ್ಲಿ ಬಂಡಿ ಒಂದು ಕಡೆಗೆ ಎಳೆದು, ಲಾರಿಯ ಚಕ್ರದಿಂದ ಮೊಳದಂತರದಲ್ಲಿ ಪಾರಾದ.

"ತಮ್ಮಾ, ಬಂಡಿ ಓಡದಿದ್ದರೆ ಬೇಡ, ಹುಡುಗ ಬೀಳಬಾರದು. ನೀನು ನೋಡಿ ಹೇಳು, ಇಲ್ಲವಾದರೆ ಗುಜರಿಗೆ ಹಾಕಿಬಿಡುತ್ತೇನೆ" ಎಂದರು ಅಕ್ಕ. ನಾವು ಮೆಕ್ಯಾನಿಕ್ ಅಲ್ಲ. ಆದರೆ ಅಳೆಯುವುದನ್ನು ಕಲಿಸುವವರು. ಒಪ್ಪಿಕೊಂಡೆವು.

ವಾಚಕರೇ, ಮುಂದಿನ ಚಕ್ರವನ್ನು ಹಿಡಿದಿರುವ ಭಾಗಕ್ಕೆ ಎಲ್ಲರೂ ಫೋರ್ಕ್ ಎನ್ನುತ್ತೇವೆ. ಕನ್ನಡದಲ್ಲಿ ಇದಕ್ಕೆ 'ಕವೆ' ಎಂಬ ಸೊಗಸಾದ ಮಾತಿದೆ. ತಮಿಳಿನ 'ಕವೈ' ಅದರ ಒಡಹುಟ್ಟು. ಮೇಲಿನ ಕೊಳವೆ ಕೆಳಗಿನ ಕಾಲಿನೊಳಗೆ ಜಾರುತ್ತದೆ. ಒಳಗಿನ ಸ್ಪ್ರಿಂಗು ಭಾರವನ್ನು ಹೊರುತ್ತದೆ. ಎಣ್ಣೆ ಸಣ್ಣ ರಂಧ್ರಗಳ ಮೂಲಕ ಹಾಯುತ್ತ ಕುಪ್ಪಳಿಸುವಿಕೆಯನ್ನು ತಡೆಯುತ್ತದೆ. ಎಣ್ಣೆಯಿಂದ ಹೀಗೆ ಹದಗೊಳಿಸಿದ ಜಾರುಗೊಳವೆಯ ಕವೆಯನ್ನು 1935ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯೂ. ಸಂಸ್ಥೆ ಮಾರಾಟದ ಬಂಡಿಗಳಿಗೆ ಅಳವಡಿಸಿತು. ಆಮೇಲೆ ಅದು ಲೋಕಕ್ಕೆಲ್ಲ ಹಬ್ಬಿತು.

ಬಿಡಿಭಾಗ ಗುರುತಿಸುವಾಗ ಮೊದಲ ಪ್ರಶ್ನೆ: ಇದು ಯಾವ ಕುಲದ್ದು? ನಮ್ಮ ರಸ್ತೆಗಳಲ್ಲಿ ಹಳೆಯ ಬಂಡಿಗಳೆಂದರೆ ಮುಖ್ಯವಾಗಿ ಮೂರು. ರಾಜದೂತ್ ಪೋಲೆಂಡಿನ ಮೂಲದ್ದು. ಅದರ ಹಳೆಯ ಮಾದರಿಯಲ್ಲಿ ಜಾರುಗೊಳವೆಯೇ ಇಲ್ಲ, ಚಕ್ರವನ್ನು ತೂಗುವ ಕವೆಯಿದೆ. ಅದನ್ನು ನೋಡಿದೊಡನೆ ತಿಳಿಯಬಹುದು. ಬುಲೆಟ್ ಇಂಗ್ಲೆಂಡಿನ ಮೂಲದ್ದು. ಮದರಾಸಿನಲ್ಲಿ ಅದರ ಕೆಲಸ 1955ರಲ್ಲಿ ತೊಡಗಿತು. ಜಾವಾ ಚೆಕ್ ದೇಶದ್ದು. ಜಾನೆಚೆಕ್ ಎಂಬಾತ ವಾಂಡರರ್ ಸಂಸ್ಥೆಯ ವಿನ್ಯಾಸವನ್ನು ಪಡೆದು 1929ರಲ್ಲಿ ಆರಂಭಿಸಿದುದರಿಂದ, ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ 'ಜಾವಾ' ಆಯಿತು. ನಮ್ಮ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಅದನ್ನು ತಯಾರಿಸಿತು. ಅನಂತರ ಅದೇ ಕಾರ್ಖಾನೆಯಿಂದ ಯೆಜ್ಡಿ ಹೊರಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಕಾರ್ಖಾನೆಯದೆಂಬ ಮಾತ್ರಕ್ಕೆ ಜಾವಾದ ಭಾಗಗಳೆಲ್ಲ ಯೆಜ್ಡಿಯ ಎಲ್ಲ ಮಾದರಿಗಳಿಗೂ ಹೊಂದುತ್ತವೆಂದು ತಿಳಿಯುವುದು ತಪ್ಪು. ಅಣ್ಣನ ಅಂಗಿ ತಮ್ಮನಿಗೆ ಹಿಡಿಸಲೂಬಹುದು, ಹಿಡಿಸದಿರಲೂಬಹುದು.

ಎರಡನೆಯದು, ಬಲ ಯಾವುದು, ಎಡ ಯಾವುದು ಎಂಬುದು. ಡ್ರಮ್ ಬ್ರೇಕಿನ ತಟ್ಟೆ ಚಕ್ರದೊಡನೆ ತಿರುಗದಂತೆ ಒಂದು ಕಾಲು ಅದನ್ನು ಹಿಡಿದಿರಬೇಕು. ಆದ್ದರಿಂದ ಆ ಕಾಲಿನಲ್ಲಿ ಹಿಡಿಕೆಯ ಉಬ್ಬು ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಎರಡೂ ಒಂದೇ ಎಂದು ಮಾರುವವರ ಮಾತನ್ನು ನಂಬಬಾರದು. ಎರಕದ ಮೇಲಿರುವ ಅಂಕೆಯೂ ಬಿಡಿಭಾಗಗಳ ಪುಸ್ತಕದ ಅಂಕೆಯೂ ಎಷ್ಟೋ ವೇಳೆ ಬೇರೆ ಬೇರೆ. ಅಂಕೆ ಹೊಂದಿತೆಂದು ಅಳತೆಯನ್ನು ಬಿಡಬಾರದು.

ಮೂರನೆಯದು ಬೋಲ್ಟಿನ ಥ್ರೆಡ್; ಇಲ್ಲಿನ ಪಟ್ಟರೆಗಳಲ್ಲಿ 'ಮರೈ' ಎನ್ನುವುದು ಇದನ್ನೇ. ಬುಲೆಟ್‌ನ ಹಳೆಯ ವಿನ್ಯಾಸ ಇಂಚಿನ ಲೆಕ್ಕದ್ದು, ಜಾವಾ ಮಿಲಿಮೀಟರಿನದು. 5/16 ಇಂಚಿನ ಬೋಲ್ಟಿನ ದಪ್ಪ 7.94 ಮಿ.ಮೀ.; ಜಾವಾ ಜಾತಿಯ ಬೋಲ್ಟು 8 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಆದರೆ 8 ಮಿ.ಮೀ. ಬೋಲ್ಟಿನಲ್ಲಿ ಸಾಮಾನ್ಯವಾಗಿ ಒಂದು ಸುತ್ತಿಗೂ ಮುಂದಿನ ಸುತ್ತಿಗೂ 1.25 ಮಿ.ಮೀ. ಅಂತರ, ಇಂಚಿಗೆ 26 ಸುತ್ತುಗಳಿರುವ ಇಂಗ್ಲಿಷ್ ಬೋಲ್ಟಿನಲ್ಲಿ ಅದು 0.98 ಮಾತ್ರ. ಇಂಥದನ್ನು ಒಂದೆರಡು ಸುತ್ತು ತಿರುಗಿಸಬಹುದು, ಆಮೇಲೆ ಬಿಗಿಯಾಗುತ್ತದೆ. 'ಚೆನ್ನಾಗಿ ಬಿಗಿಯಿತು' ಎಂದು ತಿಳಿದು ಬಲಪ್ರಯೋಗ ಮಾಡಿದರೆ ಒಳಗಿನ ಥ್ರೆಡ್ ಹರಿಯುತ್ತದೆ. ಹುಡುಗನ ಬಂಡಿಯಲ್ಲಿ ಚಕ್ರದ ಅಕ್ಷವನ್ನು ಹಿಡಿಯುವ ಬೋಲ್ಟೇ ಇಂಥದು! ಕೈಬೆರಳಿನಿಂದ ಕೊನೆಯವರೆಗೆ ತಿರುಗದ ಬೋಲ್ಟನ್ನು ಸ್ಪ್ಯಾನರಿನಿಂದ ತಿರುಗಿಸಬಾರದು.

ನಾಲ್ಕನೆಯದು ಸ್ಪ್ರಿಂಗು. ಎರಡನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ಉದ್ದ, ಸುರುಳಿಗಳ ಎಣಿಕೆ, ತಂತಿಯ ದಪ್ಪ ಈ ಮೂರನ್ನೂ ನೋಡಬೇಕು. ತಂತಿಯ ದಪ್ಪ ತುಸು ಹೆಚ್ಚಿದರೆ ಏನಾಯಿತು ಎನ್ನಬೇಡಿರಿ. ಸುರುಳಿಯ ಅಗಲವೂ ಎಣಿಕೆಯೂ ಒಂದೇ ಆಗಿದ್ದರೆ, ಸ್ಪ್ರಿಂಗಿನ ಬಿರುಸು ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. 4 ಮಿ.ಮೀ. ತಂತಿಯ ಬದಲು 4.4 ಮಿ.ಮೀ. ಬಂದರೆ ದಪ್ಪ ನೂರಕ್ಕೆ 10 ಹೆಚ್ಚು, ಬಿರುಸು ನೂರಕ್ಕೆ 46 ಹೆಚ್ಚು. ಒಂದು ಕಾಲು ಬಿರುಸು, ಇನ್ನೊಂದು ಮೃದುವಾದರೆ ಅಕ್ಷ ಓರೆಯಾಗಲು ಎಳೆಯುತ್ತದೆ. ಇಲ್ಲಿ ಉದ್ದವೂ ಬೇರೆ, ತಂತಿಯೂ ಬೇರೆ.

ಐದನೆಯದು ಕೊಳವೆ. ವರ್ನಿಯರ್ ಮಾಪಕದಿಂದ ಹೊರವ್ಯಾಸವನ್ನು ಎರಡು ಕಡೆ ಅಳೆಯಬೇಕು: ಸವೆಯದ ಮೇಲ್ಭಾಗದಲ್ಲಿ ಒಮ್ಮೆ, ಜಾರುವ ಭಾಗದಲ್ಲಿ ಒಮ್ಮೆ. ಬಳಿಕ ದಪ್ಪ ಗಾಜಿನ ಮೇಲೆ ಉರುಳಿಸಬೇಕು. ಶಾಲೆಯ ಹಳೆಯ ಬೀರುವಿನ ಗಾಜನ್ನು ಹಿತ್ತಲಿನ ಕಲ್ಲುಹಾಸಿನ ಮೇಲಿಟ್ಟು, ಹೊಳೆಯುವ ಹೊಸ ಕೊಳವೆಯನ್ನು ಉರುಳಿಸಿದೆವು. ಪ್ರತಿ ಸುತ್ತಿಗೂ ಅದರಡಿಯಲ್ಲಿ ಬೆಳಕಿನ ಗೆರೆ ಕಂಡು ಮರೆಯಾಗುತ್ತಿತ್ತು. ಬಾಗಿದ ಕೊಳವೆಗೆ ಯಾರೋ ಕ್ರೋಮ್ ಲೇಪ ಕೊಡಿಸಿದ್ದರು! ಅಕ್ಕ ಗುಜರಿಯ ಚೀಲದಿಂದ ಭಾವನವರ ತುಕ್ಕಿನ ಕೊಳವೆಯನ್ನು ತಂದುಕೊಟ್ಟರು. ಗಾಜಿನ ಮೇಲೆ ಅದು ಅಳುಕದೆ ಉರುಳಿತು. ತುಕ್ಕು ಇದ್ದುದು ತಗಡಿನ ಹೊದಿಕೆಯೊಳಗೆ ಅವಿತಿರುವ ಮೇಲ್ಭಾಗದಲ್ಲಿ, ಅದೂ ತೊಗಲಿನಷ್ಟೇ. ಎಣ್ಣೆಯ ಸೀಲು ಜಾರುವ ಭಾಗ ಕನ್ನಡಿಯಂತಿತ್ತು. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ.

ಕೆಳಗಿನ ಕಾಲುಗಳ ಬಿರುಕು ಕಣ್ಣಿಗೆ ಕಾಣದು. ಅದಕ್ಕೆ ನಮ್ಮ ವೃತ್ತಿಯ ವಸ್ತುವೇ ಸಾಕು. ಭಾಗವನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಸವರಿ ಸ್ವಲ್ಪ ಹೊತ್ತು ಬಿಟ್ಟರೆ, ಬಿರುಕಿದ್ದಲ್ಲಿ ಎಣ್ಣೆ ಒಸರಿ ಗೆರೆ ಮೂಡುತ್ತದೆ. ಗೆರೆ ಮೂಡಿದ ಕಾಲನ್ನು ಮತ್ತೆ ಬಳಸಬಾರದು. ನಮ್ಮ ಪುಣ್ಯ, ಗೆರೆ ಮೂಡಲಿಲ್ಲ. ಸೀಲಿನ ಮೇಲೆ ಮೂರು ಅಂಕೆಗಳಿರುತ್ತವೆ: ಒಳವ್ಯಾಸ, ಹೊರವ್ಯಾಸ, ದಪ್ಪ. ಅದನ್ನು ಬರೆದುಕೊಂಡು ಹೋದರೆ ಅಂಗಡಿಯಲ್ಲಿ ವಾದವೇ ಬೇಡ.

ಸರಿಯಾದ ಸ್ಪ್ರಿಂಗಿನ ಜೊತೆಯನ್ನೂ ಬೋಲ್ಟನ್ನೂ ಹೊಸ ಸೀಲುಗಳನ್ನೂ ತಂದು, ಹರಿದ ಥ್ರೆಡ್ಡನ್ನು ಲೇಥ್ ಪಟ್ಟರೆಯಲ್ಲಿ ಸರಿಪಡಿಸಿಸಿ, ಎರಡು ಕಾಲುಗಳಿಗೂ ಒಂದೇ ಜಾತಿಯ ಎಣ್ಣೆಯನ್ನು ಅಳತೆಲೋಟದಿಂದ ಸಮವಾಗಿ ಹಾಕಿದೆವು. ಕೊನೆಯ ಬೋಲ್ಟನ್ನು ಬಿಗಿಯುವ ಮೊದಲು ಮುಂಭಾಗವನ್ನು ಹತ್ತಾರು ಸಲ ಒತ್ತಿ ಬಿಡಬೇಕು. ಆಗ ಕಾಲುಗಳು ತಾವಾಗಿ ಸಮಾನಾಂತರವಾಗಿ ನೆಲೆಗೊಳ್ಳುತ್ತವೆ. ಅನಂತರವೇ ಬಿಗಿಯುವುದು. ಅಳತೆಗಳನ್ನೆಲ್ಲ ಹುಡುಗನಿಂದಲೇ ಒಂದು ಪುಸ್ತಕದಲ್ಲಿ ಬರೆಸಿದೆವು, ಕನ್ನಡದಲ್ಲಿ. ಶಾಲೆಯಲ್ಲಿ ತಮಿಳು ಕಲಿತ ಕೈ ಮೊದಮೊದಲು ತಡವರಿಸಿತು. 'ಕವೆ' ಎಂಬುದನ್ನು ಮಾತ್ರ ತಪ್ಪಿಲ್ಲದೆ ಬರೆದ.

ಕಳೆದ ತಿಂಗಳು ಅವನು ಹಾಸನೂರಿನಿಂದ ಫೋನು ಮಾಡಿದ: "ಮಾವ, ಇಪ್ಪತ್ತೇಳು ತಿರುವೂ ಆಯಿತು. ಕೈ ಬಿಟ್ಟರೂ ನೇರವಾಗಿ ಹೋಗುತ್ತದೆ!"

"ಸಂತೋಷವಪ್ಪಾ, ಆದರೆ ಕೈ ಬಿಡಬೇಡ" ಎಂದೆವು. ಪಕ್ಕದಲ್ಲಿದ್ದ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಚಾಮರಾಜನಗರ ಮುಟ್ಟಿದ ಮೇಲೆ ಇನ್ನೊಮ್ಮೆ ಮಾಡಲು ಹೇಳು" ಎಂದರು.