ಬ್ರೆಸ್ಟ್‌ಸ್ಟ್ರೋಕ್: ಗೋಡೆಯ ಬಳಿ ಗೆಲ್ಲುವ ಈಜು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟಗಳಲ್ಲಿ ಒಂದು ಕಾಲಕ್ಕೆ ಈಜು ಕಲಿಯಲು ತರಬೇತುದಾರರು ಬೇಕಿರಲಿಲ್ಲ. ತೋಟದ ಬಾವಿ, ಬೆನ್ನಿಗೆ ಕಟ್ಟಿಕೊಳ್ಳಲು ಒಣಗಿದ ಸೋರೆ ಬುರುಡೆ ಅಥವಾ ಸಿಪ್ಪೆ ಸುಲಿಯದ ಒಣ ತೆಂಗಿನಕಾಯಿ, ಮೇಲೆ ನಿಂತು ಗದರುವ ಸೋದರಮಾವ ಇದ್ದರೆ ಸಾಕಿತ್ತು. ಗಂಡುಮಕ್ಕಳು ಹೀಗೆ ಕಲಿತರು. ಹೆಣ್ಣುಮಕ್ಕಳು ಬಹುಪಾಲು ದಡದಲ್ಲೇ ಉಳಿದರು. ಕೊಳವೆಬಾವಿಗಳು ಬಂದು ತೆರೆದ ಬಾವಿಗಳು ಬತ್ತಿದ ಮೇಲೆ ಗಂಡುಮಕ್ಕಳಿಗೂ ಆ ಪಾಠಶಾಲೆ ಮುಚ್ಚಿತು.

ಬಾವಿಯಲ್ಲಿ ಈಜಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಕಲ್ಲಿನ ಗೋಡೆಯನ್ನು ಎರಡೂ ಕಾಲುಗಳಿಂದ ಒದ್ದು ಹೊರಟಾಗ ಸಿಗುವ ವೇಗ, ಎಷ್ಟು ಕೈ ಬಡಿದರೂ ಸಿಗುವುದಿಲ್ಲ. ವಿಶ್ವ ಶಾರ್ಟ್ ಕೋರ್ಸ್ ಈಜು ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರ ಬ್ರೆಸ್ಟ್‌ಸ್ಟ್ರೋಕ್ ಪದಕಗಳನ್ನು ನಿರ್ಣಯಿಸುವುದರಲ್ಲಿ ಇದೇ ಸಂಗತಿಗೆ ದೊಡ್ಡ ಪಾತ್ರವಿದೆ.

ಏನಿದು ಶಾರ್ಟ್ ಕೋರ್ಸ್?

ಒಲಿಂಪಿಕ್ಸ್ ಈಜುಕೊಳದ ಉದ್ದ 50 ಮೀಟರ್. ಶಾರ್ಟ್ ಕೋರ್ಸ್ ಕೊಳದ ಉದ್ದ ಅದರ ಅರ್ಧ, ಅಂದರೆ 25 ಮೀಟರ್. ಇದಕ್ಕೆಂದೇ ಪ್ರತ್ಯೇಕ ವಿಶ್ವ ಚಾಂಪಿಯನ್‌ಷಿಪ್ 1993ರಲ್ಲಿ ಸ್ಪೇನ್‌ನ ಪಾಲ್ಮಾ ನಗರದಲ್ಲಿ ಆರಂಭವಾಯಿತು. 2022ರಲ್ಲಿ ಮೆಲ್ಬರ್ನ್, 2024ರಲ್ಲಿ ಬುಡಾಪೆಸ್ಟ್ ಅದಕ್ಕೆ ಆತಿಥ್ಯ ನೀಡಿದವು. ಎರಡು ಬಗೆಯ ಕೊಳಗಳಿಗೂ ವಿಶ್ವದಾಖಲೆಗಳು ಬೇರೆ ಬೇರೆ.

ಕೊಳ ಚಿಕ್ಕದಾದಷ್ಟೂ ತಿರುವುಗಳು ಹೆಚ್ಚು. 50 ಮೀಟರ್ ಸ್ಪರ್ಧೆಯಲ್ಲಿ ದೊಡ್ಡ ಕೊಳದಲ್ಲಿ ತಿರುವೇ ಇಲ್ಲ. ಚಿಕ್ಕ ಕೊಳದಲ್ಲಿ ಒಂದು ತಿರುವು. 100 ಮೀಟರ್‌ಗೆ ದೊಡ್ಡ ಕೊಳದಲ್ಲಿ ಒಂದು, ಚಿಕ್ಕ ಕೊಳದಲ್ಲಿ ಮೂರು. ತಿರುಗುವಾಗ ವೇಗ ಕುಗ್ಗಬೇಕಲ್ಲವೇ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಅಂಕಿಗಳು ಹೇಳುವುದೇ ಬೇರೆ. ಲಿಥುವೇನಿಯಾದ ರೂಟಾ ಮೆಯ್ಲುಟಿಟೆ 2022ರಲ್ಲಿ ಮೆಲ್ಬರ್ನ್‌ನ ಚಿಕ್ಕ ಕೊಳದಲ್ಲಿ 50 ಮೀಟರ್ ಬ್ರೆಸ್ಟ್‌ಸ್ಟ್ರೋಕನ್ನು 28.37 ಸೆಕೆಂಡ್‌ಗಳಲ್ಲಿ ಮುಗಿಸಿ ವಿಶ್ವದಾಖಲೆ ಬರೆದರು. ಅವರೇ 2023ರಲ್ಲಿ ಜಪಾನಿನ ಫುಕುವೊಕಾದ ದೊಡ್ಡ ಕೊಳದಲ್ಲಿ ವಿಶ್ವದಾಖಲೆ ಸ್ಥಾಪಿಸಿದಾಗ ತೆಗೆದುಕೊಂಡ ಕಾಲ 29.16 ಸೆಕೆಂಡ್. ಅದೇ ಈಜುಗಾರ್ತಿ, ಅದೇ ದೂರ. ಚಿಕ್ಕ ಕೊಳದಲ್ಲಿ ಒಂದು ತಿರುವು ಹೆಚ್ಚಿದ್ದರೂ 0.79 ಸೆಕೆಂಡ್ ಉಳಿತಾಯ! ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಪದಕ ಕೈತಪ್ಪುವ ಕ್ರೀಡೆಯಲ್ಲಿ ಇದು ಸಣ್ಣ ಅಂತರವಲ್ಲ.

ನೀರಿನಡಿಯ ಲೆಕ್ಕಾಚಾರ

ನಾಲ್ಕು ಬಗೆಯ ಈಜುಗಳಲ್ಲಿ ಅತಿ ನಿಧಾನವಾದದ್ದು ಬ್ರೆಸ್ಟ್‌ಸ್ಟ್ರೋಕ್. ಕಪ್ಪೆಯಂತೆ ಮೊಣಕಾಲುಗಳನ್ನು ಮಡಿಸಿ ಒದೆಯುವ ಈ ಕ್ರಮದಲ್ಲಿ, ಕಾಲು ಮಡಿಸುವಾಗ ತೊಡೆಗಳೂ, ಮುಂದಕ್ಕೆ ಚಾಚುವಾಗ ಕೈಗಳೂ ನೀರಿಗೆ ಅಡ್ಡವಾಗುತ್ತವೆ. ಆದ್ದರಿಂದ ಪ್ರತಿ ಸುತ್ತಿನಲ್ಲೂ ವೇಗ ಏರುತ್ತದೆ, ಮರುಕ್ಷಣವೇ ಇಳಿಯುತ್ತದೆ. ಗೋಡೆಯನ್ನು ಒದ್ದು, ಕೈಕಾಲು ನೀಳವಾಗಿ ಚಾಚಿ, ಬಾಣದಂತೆ ನೀರಿನಡಿ ಸಾಗುವಾಗ ಮಾತ್ರ ಈ ಅಡ್ಡಿ ಅತ್ಯಂತ ಕಡಿಮೆ. ಈಜು ನಿಧಾನವಾದಷ್ಟೂ ಗೋಡೆಯಿಂದ ಸಿಗುವ ಲಾಭ ಹೆಚ್ಚು.

ನಿಯಮಗಳು ಇಲ್ಲಿ ಬಲು ಕಟ್ಟುನಿಟ್ಟು. ತಿರುವಿನಲ್ಲೂ ಕೊನೆಯಲ್ಲೂ ಎರಡೂ ಕೈಗಳು ಏಕಕಾಲಕ್ಕೆ ಗೋಡೆಯನ್ನು ಮುಟ್ಟಬೇಕು. ಗೋಡೆ ಬಿಟ್ಟ ಬಳಿಕ ನೀರಿನಡಿ ಒಮ್ಮೆ ಮಾತ್ರ ಕೈಗಳನ್ನು ತೊಡೆಯವರೆಗೆ ಪೂರ್ಣವಾಗಿ ಎಳೆಯಬಹುದು. ಮೊದಲ ಕಪ್ಪೆ ಒದೆತಕ್ಕೆ ಮುನ್ನ ಡಾಲ್ಫಿನ್ ಮಾದರಿಯ ಒಂದೇ ಒಂದು ಒದೆತಕ್ಕೆ ಅವಕಾಶವಿದೆ. ಈ ಅವಕಾಶ ಮೊದಲಿನಿಂದ ಇದ್ದದ್ದಲ್ಲ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಇಂಥ ಒದೆತದ ಬಗ್ಗೆ ದೊಡ್ಡ ವಿವಾದವೆದ್ದ ನಂತರ, 2005ರಲ್ಲಿ ನಿಯಮ ಬದಲಾಯಿತು. ಫ್ರೀಸ್ಟೈಲ್‌ನಲ್ಲಿ 15 ಮೀಟರ್‌ಗಿಂತ ಹೆಚ್ಚು ದೂರ ನೀರಿನಡಿ ಸಾಗುವಂತಿಲ್ಲ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ದೂರಕ್ಕೆ ಮಿತಿ ಇಲ್ಲ, ಒದೆತದ ಎಣಿಕೆಗೆ ಮಿತಿ ಇದೆ. ಬೇಗ ಮೇಲೆದ್ದರೆ ವೇಗ ನಷ್ಟ, ತಡವಾಗಿ ಎದ್ದರೂ ನಷ್ಟ. ಆ ನಡುವಿನ ಕ್ಷಣವನ್ನು ಗುರುತಿಸುವುದೇ ಈ ಸ್ಪರ್ಧೆಯ ವಿದ್ಯೆ.

ತೆಂಗಿನ ದ್ವೀಪದ ಹುಡುಗಿ

ಈ ವಿದ್ಯೆಯಲ್ಲಿ ಪಳಗಿದವರ ಪೈಕಿ ಜಮೈಕಾದ ಅಲಿಯಾ ಅಟ್ಕಿನ್ಸನ್ ಹೆಸರು ಮೊದಲು ನೆನಪಾಗುತ್ತದೆ. ಜಮೈಕಾ ಕೂಡ ತೆಂಗಿನ ನಾಡೇ. ಓಟಗಾರರಿಗೆ ಹೆಸರಾದ ಆ ಪುಟ್ಟ ದ್ವೀಪದಿಂದ ಈಜಿನ ವಿಶ್ವ ಚಾಂಪಿಯನ್ ಬರಬಹುದೆಂದು ಹೆಚ್ಚಿನವರು ಎಣಿಸಿರಲಿಲ್ಲ. 2014ರ ಡಿಸೆಂಬರ್‌ನಲ್ಲಿ ದೋಹಾದ ಶಾರ್ಟ್ ಕೋರ್ಸ್ ಚಾಂಪಿಯನ್‌ಷಿಪ್‌ನ 100 ಮೀಟರ್ ಫೈನಲ್‌ನಲ್ಲಿ, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 15ನೇ ವಯಸ್ಸಿಗೇ ಚಿನ್ನ ಗೆದ್ದಿದ್ದ ಮೆಯ್ಲುಟಿಟೆ ಅವರನ್ನು ಅಟ್ಕಿನ್ಸನ್ 0.10 ಸೆಕೆಂಡ್‌ನಿಂದ ಹಿಂದಿಕ್ಕಿದರು. ಕಾಲ 1 ನಿಮಿಷ 2.36 ಸೆಕೆಂಡ್. ಮೆಯ್ಲುಟಿಟೆ 2013ರಲ್ಲಿ ಮಾಸ್ಕೊದಲ್ಲಿ ಬರೆದಿದ್ದ ವಿಶ್ವದಾಖಲೆಗೆ ಅದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮವಾಗಿತ್ತು. ಈಜಿನಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಕಪ್ಪುವರ್ಣೀಯ ಮಹಿಳೆ ಎಂಬ ಕೀರ್ತಿಯೂ ಅವರದಾಯಿತು. 2016ರಲ್ಲಿ ಫ್ರಾನ್ಸ್‌ನ ಶಾರ್ತ್ರ್‌ನಲ್ಲಿ ಅವರು ಮತ್ತೊಮ್ಮೆ ಅದೇ 1:02.36ಕ್ಕೆ ಸ್ಪರ್ಧೆ ಮುಗಿಸಿದರು.

ಅಟ್ಕಿನ್ಸನ್ ಬೆಳೆದದ್ದು ಜಮೈಕಾದ ಕೊಳಗಳಲ್ಲಷ್ಟೇ ಅಲ್ಲ ಎಂಬುದನ್ನೂ ಮರೆಯಬಾರದು. ಎಳೆಯ ವಯಸ್ಸಿನಲ್ಲೇ ಅವರು ತರಬೇತಿಗಾಗಿ ಅಮೆರಿಕದ ಫ್ಲಾರಿಡಾ ಸೇರಿದ್ದರು. ಪ್ರತಿಭೆ ಎಲ್ಲಿಯಾದರೂ ಹುಟ್ಟಬಹುದು, ಬೆಳೆಯಲು ಮಾತ್ರ ನೀರು ಬೇಕು.

ಏಷ್ಯಾದ ಹೆಣ್ಣುಮಕ್ಕಳೂ ಹಿಂದೆ ಬಿದ್ದಿಲ್ಲ. ಚೀನಾದ ತಾಂಗ್ ಚಿಯಾನ್‌ಟಿಂಗ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 100 ಮೀಟರ್‌ನಲ್ಲಿ ಬೆಳ್ಳಿ ಗೆದ್ದರು. ಅದೇ ವರ್ಷದ ಕೊನೆಗೆ ಬುಡಾಪೆಸ್ಟ್‌ನ ಚಿಕ್ಕ ಕೊಳದಲ್ಲಿ ಚಿನ್ನವನ್ನೇ ಕೊರಳಿಗೇರಿಸಿಕೊಂಡರು.

ಕರ್ನಾಟಕ ಎಲ್ಲಿದೆ?

ಭಾರತದ ಈಜಿನಲ್ಲಿ ಬೆಂಗಳೂರಿಗೆ ದೊಡ್ಡ ಸ್ಥಾನವಿದೆ. ನಿಶಾ ಮಿಲೆಟ್ 2000ದ ಸಿಡ್ನಿ, ಶಿಖಾ ಟಂಡನ್ 2004ರ ಅಥೆನ್ಸ್, 14ರ ಬಾಲೆ ಧಿನಿಧಿ ದೇಸಿಂಘು 2024ರ ಪ್ಯಾರಿಸ್ ಒಲಿಂಪಿಕ್ಸ್‌ಗಳಲ್ಲಿ ಈಜಿದರು. ಆದರೆ ಮೂವರೂ ಸ್ಪರ್ಧಿಸಿದ್ದು ಫ್ರೀಸ್ಟೈಲ್‌ನಲ್ಲಿ. ಬ್ರೆಸ್ಟ್‌ಸ್ಟ್ರೋಕ್ ನಮಗೆ ಹೊಸದೇನಲ್ಲ: ಬಂಗಾಳದ ಆರತಿ ಸಾಹಾ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲೇ ಸ್ಪರ್ಧಿಸಿದ್ದರು. ಆಗ ಅವರಿಗೆ 12 ಕೂಡ ತುಂಬಿರಲಿಲ್ಲ. ಬೆಂಗಳೂರಿನಲ್ಲಿ ನಿಹಾರ್ ಅಮೀನ್ ಅವರ ಬಳಿ ಪಳಗಿದ ಸಂದೀಪ್ ಸೇಜವಾಲ್ 2014ರ ಇಂಚನ್ ಏಷ್ಯನ್ ಕ್ರೀಡಾಕೂಟದ ಪುರುಷರ 50 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕಂಚು ಗೆದ್ದರು. ಆ ಮಟ್ಟದ ಸಾಧನೆ ಮಹಿಳೆಯರಿಂದ ಇನ್ನೂ ಬರಬೇಕಿದೆ.

ಇದಕ್ಕೆ ಈಗ ಹೊಸ ಕಾರಣವೂ ಸೇರಿದೆ. 50 ಮೀಟರ್ ಬ್ರೆಸ್ಟ್‌ಸ್ಟ್ರೋಕ್ 2001ರಿಂದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿದ್ದರೂ ಒಲಿಂಪಿಕ್ಸ್‌ನಲ್ಲಿ ಇರಲಿಲ್ಲ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಅದನ್ನು ಸೇರಿಸುವ ನಿರ್ಧಾರ 2025ರಲ್ಲಿ ಪ್ರಕಟವಾಯಿತು. ಅಲ್ಲಿನ ಕೊಳ 50 ಮೀಟರ್‌ನದೇ, ನಿಜ. ಆದರೆ ಕಾಲಿನ ಒದೆತ, ನೀಳವಾದ ಜಾರು, ಕೈ-ಕಾಲುಗಳ ಹೊಂದಾಣಿಕೆ — ಈ ಪಾಠಗಳನ್ನು ಕಲಿಯಲು 25 ಮೀಟರ್ ಸಾಲದೆಂದು ಯಾರೂ ಹೇಳಲಾರರು.

ತಾಲ್ಲೂಕಿಗೆ ಎಷ್ಟು ನೀರು ಬೇಕು?

ಕಲ್ಪತರು ನಾಡಿಗೆ ಈ ವಿಷಯ ಸಂಬಂಧಿಸುವುದು ಇಲ್ಲಿಯೇ. 50 ಮೀಟರ್ ಉದ್ದ, 25 ಮೀಟರ್ ಅಗಲ, 2 ಮೀಟರ್ ಆಳದ ಕೊಳಕ್ಕೆ 25 ಲಕ್ಷ ಲೀಟರ್ ನೀರು ಬೇಕು. 25 ಮೀಟರ್ ಉದ್ದ, ಹನ್ನೆರಡೂವರೆ ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಕೊಳಕ್ಕೆ ಐದು ಲಕ್ಷ ಲೀಟರ್‌ಗೂ ಕಡಿಮೆ ಸಾಕು. ನೀರನ್ನು ಶೋಧಿಸಿ ಮರುಬಳಸುವುದರಿಂದ ಅದನ್ನು ದಿನವೂ ಬದಲಿಸಬೇಕಿಲ್ಲ. ಕುಡಿಯುವ ನೀರಿಗೇ ಹೇಮಾವತಿ ನಾಲೆಯತ್ತ ನೋಡುವ ಸೀಮೆಗೆ ಈ ವ್ಯತ್ಯಾಸ ಸಣ್ಣದಲ್ಲ. ತಾಲ್ಲೂಕು ಕೇಂದ್ರಕ್ಕೆ ಒಲಿಂಪಿಕ್ ಅಳತೆಯ ಕೊಳ ಕೇಳುವುದು ದುಬಾರಿ ಕನಸಾದೀತು. ಶಾರ್ಟ್ ಕೋರ್ಸ್ ಅಳತೆಯದು ಹಾಗಲ್ಲ. ಅದರ ಜೊತೆಗೆ ಮಹಿಳಾ ತರಬೇತುದಾರರು, ಬಟ್ಟೆ ಬದಲಿಸಲು ಭದ್ರವಾದ ಕೋಣೆ, ಹೆಣ್ಣುಮಕ್ಕಳಿಗೇ ಮೀಸಲಾದ ವೇಳೆ ಇರಬೇಕು. ಇವಿಲ್ಲದಿದ್ದರೆ ಹುಡುಗಿಯರು ಬಾವಿಯ ಕಾಲದಂತೆ ದಡದಲ್ಲೇ ಉಳಿಯುತ್ತಾರೆ.

ಪದಕದ ಮಾತು ಹಾಗಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಮೃತಪಟ್ಟರು. ಬಾವಿಗಳು ಬತ್ತಿದರೂ ಆಳದ ನೀರು ಈ ಸೀಮೆಯನ್ನು ಬಿಟ್ಟು ಹೋಗಿಲ್ಲ. ಹೇಮಾವತಿ ನಾಲೆಯಲ್ಲಿ ಸೆಳೆತವಿದೆ, ಮಲ್ಲಾಘಟ್ಟದಂಥ ಕೆರೆಗಳಲ್ಲಿ ಆಳವಿದೆ, ತೋಟಗಳ ಕೃಷಿಹೊಂಡದ ಪ್ಲಾಸ್ಟಿಕ್ ಹಾಳೆಯ ಮೇಲೆ ಜಾರಿದ ಕಾಲಿಗೆ ಹಿಡಿತ ಸಿಗುವುದಿಲ್ಲ. ಕಾಲು ಜಾರಿದ ಮಗುವಿಗೆ ತಲೆ ಮೇಲೆತ್ತಿ ಉಸಿರಾಡುತ್ತ ದಡ ಸೇರುವ ಕಪ್ಪೆ ಈಜು ಗೊತ್ತಿದ್ದರೆ, ಆ 25 ಮೀಟರ್ ಕೊಳದ ಬೆಲೆ ಅಂದೇ ತೀರಿದಂತೆ.

ನೀರಿಗಿಳಿಯದೆ ಈಜು ಬಾರದು ಎನ್ನುತ್ತಾರೆ ಹಿರಿಯರು. ತಿಪಟೂರಿನಿಂದ ಬೆಂಗಳೂರಿನ ಈಜುಕೊಳಗಳಿಗೆ ಸುಮಾರು 140 ಕಿಲೋಮೀಟರ್. ಶಾಲೆ ಬಿಟ್ಟ ಹುಡುಗಿಯೊಬ್ಬಳು ಸಂಜೆ ಅಷ್ಟು ದೂರ ಹೋಗಿ ಬರಲಾರಳು. ಅವಳಿಗೆ ಬೇಕಿರುವುದು ಊರಿನಲ್ಲೇ 25 ಮೀಟರ್ ನೀರು, ಮತ್ತು ಒದ್ದು ಹೊರಡಲು ಒಂದು ಗೋಡೆ.