ಡಯಲ್-ಅಪ್ ಮೋಡೆಮ್ ಕಿರುಚುತ್ತಿದ್ದುದು ಯಾಕೆ?

ಆ ಕರ್ಕಶ ಕೀರಲು ದನಿಯ ಆಡಿಯೋ ನಿಮಗೂ ಫಾರ್ವರ್ಡ್ ಆಗಿ ಬಂದಿರಬಹುದು. ಹಳೆಯ ಕಾಲದಲ್ಲಿ ವೆಬ್ ಪುಟ ಲೋಡ್ ಆಗುವ ಸದ್ದು ಅದು ಎಂದುಕೊಂಡವರೇ ಹೆಚ್ಚು. ಅಲ್ಲ.

ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಭಾರತದ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಡಲು ಶುರುಮಾಡಿದಾಗ, ಮನೆಯ ಕಂಪ್ಯೂಟರಿಗೆ ಇದ್ದ ದಾರಿ ಟೆಲಿಫೋನ್ ತಂತಿ. ಅದು ಮನುಷ್ಯರ ಮಾತಿಗೆಂದು, ಅಂದರೆ ಸುಮಾರು 300ರಿಂದ 3400 ಹರ್ಟ್ಸ್ ಸದ್ದಿಗೆಂದು ಮಾಡಿದ ವ್ಯವಸ್ಥೆ. ಹಾಗಾಗಿ ಕಂಪ್ಯೂಟರಿನ ಸೊನ್ನೆ-ಒಂದುಗಳನ್ನು ಮೋಡೆಮ್ ಸದ್ದಾಗಿಸಿ ಕಳಿಸುತ್ತಿತ್ತು. ನಂಬರ್ ಡಯಲ್ ಆದಮೇಲೆ ಎರಡೂ ಕಡೆಯ ಮೋಡೆಮ್‌ಗಳು ಲೈನ್ ಹೇಗಿದೆ ಎಂದು ಪರೀಕ್ಷಿಸಿ, ಯಾವ ವೇಗದಲ್ಲಿ ಮಾತಾಡಬೇಕೆಂದು ಒಪ್ಪಂದಕ್ಕೆ ಬರುತ್ತಿದ್ದವು. ನಾವು ಕೇಳಿದ್ದು ಆ ಚೌಕಾಸಿ. ಆಮೇಲೆ ಮೋಡೆಮ್ಮಿನ ಸ್ಪೀಕರ್ ಸುಮ್ಮನಾಗುತ್ತಿತ್ತು. ತಂತಿಯೊಳಗಿನ ಸದ್ದು ಮಾತ್ರ ನಡೆದೇ ಇರುತ್ತಿತ್ತು.

ಅದಕ್ಕೇ ಪಕ್ಕದ ಕೋಣೆಯಲ್ಲಿ ಯಾರಾದರೂ ರಿಸೀವರ್ ಎತ್ತಿದರೆ ಸಾಕು, ಕನೆಕ್ಷನ್ ಕಡಿದುಹೋಗುತ್ತಿತ್ತು. ನೆಟ್ ಇದ್ದಷ್ಟು ಹೊತ್ತೂ ಫೋನ್ ಎಂಗೇಜ್. ಊರಿಂದ ಯಾರಿಗೋ ಹುಷಾರಿಲ್ಲವೆಂದು ಕರೆ ಮಾಡಿದರೂ ಸಿಗುತ್ತಿರಲಿಲ್ಲ. ಫೋನ್ ಬಿಲ್ಲೂ ಏರುತ್ತಿತ್ತು. ಬಲ್ಲವರು ಬ್ರೌಸರಿನಲ್ಲಿ ಚಿತ್ರಗಳನ್ನು ಆಫ್ ಮಾಡಿ ಬರೀ ಅಕ್ಷರ ಓದುತ್ತಿದ್ದರು. ಮುಂದೆ ಬಂದ 56 ಕೆಬಿಪಿಎಸ್ ಮೋಡೆಮ್ ಪೂರ್ತಿ ವೇಗದಲ್ಲಿ ಓಡಿದರೂ, ನೀವು ಇವತ್ತು ಕಳಿಸುವ 3 ಎಂಬಿಯ ಒಂದು ‘ಶುಭೋದಯ’ ಫೋಟೋ ಇಳಿಯಲು 7 ನಿಮಿಷ ಬೇಕು.